ನಾನು ಜೋಡಿಸಿದ ಕಂಪ್ಯೂಟರಿನ ಪುನರ್ಜನ್ಮಗಳು

ಅಂಗಡಿಗೆ ಹೋಗಿ, ಬೇಕಾದದ್ದಕ್ಕೆ ಬೆರಳು ತೋರಿಸಿ, ಡಬ್ಬಿ ಹೊತ್ತುಕೊಂಡು ಮನೆಗೆ ಬರುವುದರಲ್ಲಿ ಏನೋ ಒಂದು ಸೋಲಿದೆ ಎಂದು ನಂಬಿರುವ ಗಂಡಸರ ಪಂಗಡವೊಂದಿದೆ. ನಾನು ಅದಕ್ಕೆ ಸೇರಿದವನು. ನಮ್ಮ ಮನೆಯ ಮಿಕ್ಸಿಯನ್ನು ನಾನೇ ಬಿಚ್ಚಿ ಸರಿಪಡಿಸಿದ್ದೇನೆ. ಈಗ ಅದು ಚಟ್ನಿಯನ್ನು ಅರೆಯುವುದಕ್ಕಿಂತ ಗೋಡೆಗೆ ಎರಚುವುದೇ ಹೆಚ್ಚು. ಬಚ್ಚಲುಮನೆಯ ನಲ್ಲಿಯನ್ನು ನಾನೇ ಕೂರಿಸಿದ್ದೇನೆ. ಬಿಸಿನೀರು ಬೇಕಾದವರು ತಣ್ಣೀರಿನ ಕಡೆಗೆ ತಿರುಗಿಸಬೇಕು ಎಂಬ ಒಂದು ಸಣ್ಣ ವಿಷಯ ಬಿಟ್ಟರೆ ಅದರಲ್ಲಿ ಯಾವ ದೋಷವೂ ಇಲ್ಲ. ಬಂದ ನೆಂಟರಿಗೆ ನನ್ನ ಹೆಂಡತಿ ಮೊದಲು ಕಾಫಿ ಕೊಡುತ್ತಾಳೆ, ಆಮೇಲೆ ನಲ್ಲಿಯ ವಿಚಾರವಾಗಿ ಎಚ್ಚರಿಕೆ ಕೊಡುತ್ತಾಳೆ. ಇಷ್ಟೆಲ್ಲ ಅನುಭವವಿರುವ ಮನುಷ್ಯ ಒಂದು ದಿನ ಕಂಪ್ಯೂಟರಿಗೂ ಕೈ ಹಾಕುತ್ತಾನೆ ಎಂಬುದನ್ನು ಅವಳು ಮೊದಲೇ ಊಹಿಸಬೇಕಾಗಿತ್ತು.

ನಾನು ಹಾನುಬಾಳಿನ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳಿಗ್ಗೆ ಆಳುಗಳ ಹಾಜರಿ ಹಾಕಿ, ಯಾರು ಹಣ್ಣು ಕೊಯ್ಯಬೇಕು, ಯಾರು ಕಣದಲ್ಲಿ ಕಾಫಿ ಹರಡಬೇಕು ಎಂದು ಹಂಚಿ, ಸಂಜೆ ಮೂಟೆ ತೂಗಿಸಿ, ಸಾಹುಕಾರರಿಗೆ ವರದಿ ಒಪ್ಪಿಸುವವನೇ ರೈಟರ್. ಆದರೆ ಪಕ್ಕದ ತೋಟದ ಹೋಮ್‌ಸ್ಟೇಗೆ ಬಂದಿದ್ದ ಒಬ್ಬ ಮಹನೀಯರು ನಾನು ರೈಟರ್ ಎಂದು ತಿಳಿದ ಕೂಡಲೇ ಭಕ್ತಿಯಿಂದ ಕೈ ಕುಲುಕಿ, "ಏನು ಬರೀತೀರಿ ಸಾರ್?" ಎಂದು ಕೇಳಿದರು. "ಹಾಜರಿ" ಎಂದೆ. "ವಾಹ್! ಒಂದೇ ಪದದ ಶೀರ್ಷಿಕೆ, ತುಂಬಾ ಚೆನ್ನಾಗಿದೆ. ಕಾದಂಬರಿಯೇ?" ಎಂದರು. ಅವರ ಉತ್ಸಾಹ ಮುರಿಯಲು ಮನಸ್ಸು ಬಾರದೆ ಹೌದು ಎಂದುಬಿಟ್ಟೆ.

ಈ ಪ್ರಸಂಗವನ್ನು ಸುಜಾತಳಿಗೆ ಹೇಳಿದಾಗ ಅವಳು ನಗಲಿಲ್ಲ, ಬರೆದುಕೊಂಡಳು. ಸುಜಾತ ಎಂದರೆ ನನ್ನ ಹೆಂಡತಿ. ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಮದುವೆಯ ಗಡಿಬಿಡಿಯಲ್ಲಿ ನಿಂತುಹೋಗಿದ್ದ ಓದನ್ನು ತಲೆಯಲ್ಲಿ ಬಿಳಿಕೂದಲು ಕಾಣಿಸಿಕೊಂಡ ಮೇಲೆ ಮತ್ತೆ ಹಿಡಿದು, ದೂರಶಿಕ್ಷಣದಲ್ಲಿ ಕನ್ನಡ ಎಂ.ಎ. ಮಾಡುತ್ತಿದ್ದಳು. ಪರೀಕ್ಷೆಗಳೆಲ್ಲ ಮುಗಿದು, ಕೊನೆಗೆ ಒಂದು ಕಿರುಪ್ರಬಂಧ ಬರೆದು ಒಪ್ಪಿಸುವುದು ಉಳಿದಿತ್ತು. ಅದಾದ ಮೇಲೆ ಪರೀಕ್ಷಕರು ಕಂಪ್ಯೂಟರಿನ ಪರದೆಯಲ್ಲೇ ಪ್ರತ್ಯಕ್ಷರಾಗಿ ಪ್ರಶ್ನೆ ಕೇಳುವ ಮೌಖಿಕ ಪರೀಕ್ಷೆ. ಅವಳು ಆರಿಸಿಕೊಂಡಿದ್ದ ವಿಷಯ, ಕಾಫಿ ತೋಟದ ಆಳುಗಳು ಸಾಲಾಗಿ ವಾಸಿಸುವ ಲೈನ್ ಮನೆಗಳಲ್ಲಿ ಬೆರೆತುಹೋಗಿರುವ ಮಾತುಗಳು. ಮೇಸ್ತ್ರಿ, ಕಂಗಾಣಿ, ಸ್ಟೋರು, ಪಲ್ಪರು ಎಂದು ನಾವು ದಿನವೂ ಉದುರಿಸುವ ಪದಗಳು ಎಲ್ಲೆಲ್ಲಿಂದ ನಡೆದು ಬಂದವು ಎಂಬುದನ್ನು ಅವಳು ಲೈನಿನ ಹೆಂಗಸರ ಜೊತೆ ಕೂತು, ಮಾತಾಡಿಸಿ, ಸಂಗ್ರಹಿಸಿದ್ದಳು. ಅದನ್ನೆಲ್ಲ ಬೆರಳಚ್ಚು ಮಾಡಬೇಕಿತ್ತು. ಅವಳು ಕೇಳಿದ್ದು ಇಷ್ಟೇ: "ರೀ, ಒಂದು ಲ್ಯಾಪ್‌ಟಾಪ್ ತಂದ್ಬುಡಿ. ನನ್ನ ಕೆಲಸ ಮುಗೀತದೆ."

ತಂದುಬಿಡುತ್ತಿದ್ದೆನೇನೋ. ಆದರೆ ಅದೇ ವಾರ ಅವಳ ಅಣ್ಣ ಜಯಣ್ಣ ಮಗ್ಗೆಯಿಂದ ಬಂದ. ಅವನಿಗೆ ಅಲ್ಲಿ ಗೊಬ್ಬರದ ಅಂಗಡಿ. ನನ್ನನ್ನು ಅವನೂ ಭಾವ ಎನ್ನುತ್ತಾನೆ, ಅವನನ್ನು ನಾನೂ ಭಾವ ಎನ್ನುತ್ತೇನೆ. ಈ ಸಮಾನತೆ ಹೆಸರಿಗೆ ಮಾತ್ರ. "ನಮ್ಮಂಗ್ಡಿಗೆ ಕಂಪ್ಯೂಟ್ರು ತಂದಿದೀನಲ್ಲ ಭಾವ, ಡಬ್ಬಿ ಬಿಚ್ದೆ, ವೈರು ಸಿಗಿಸ್ದೆ, ಅವತ್ತಿಂದ ಓಡ್ತಾ ಐತೆ. ರೆಡಿಮೇಡು ತಗೊಳ್ಳೋದೇ ಸರಿ. ನಮ್ಗೆಲ್ಲ ಅದರೊಳಗಿಂದು ಏನ್ ಗೊತ್ತಾಗ್ತದೆ ಹೇಳು" ಎಂದ. ಆ 'ನಮ್ಗೆಲ್ಲ' ಎಂಬ ಪದ ನನಗೆ ನಾಟಿತು. "ರೆಡಿಮೇಡಿನಲ್ಲಿ ಒಳಗೆ ಕಸ ತುಂಬಿರ್ತಾರೆ ಭಾವ. ಬಿಡಿಭಾಗ ತಂದು ನಾವೇ ಜೋಡಿಸಿದರೆ ಗಟ್ಟಿ" ಎಂದು ಬಾಯಿ ಬಿಟ್ಟೆ. ಅಲ್ಲಿಯವರೆಗೆ ಕಂಪ್ಯೂಟರನ್ನು ಜೋಡಿಸಬಹುದು ಎಂಬುದನ್ನು ನಾನು ಮೊಬೈಲಿನ ವಿಡಿಯೋ ಒಂದರಲ್ಲಿ ನೋಡಿದ್ದೆನೇ ಹೊರತು ಹೆಚ್ಚೇನೂ ತಿಳಿದಿರಲಿಲ್ಲ. ಸುಜಾತ ನನ್ನ ಮುಖ ನೋಡಿದಳು. ಆಮೇಲೆ ಮಿಕ್ಸಿಯ ಕಡೆ ನೋಡಿದಳು.

ಸಕಲೇಶಪುರದ ಪೇಟೆಯಲ್ಲಿ ನಜೀರ್ ಸಾಹೇಬರ ಕಂಪ್ಯೂಟರ್ ಅಂಗಡಿ ಇದೆ. ತುಂಬಾ ಸಮಾಧಾನದ ಮನುಷ್ಯ. ನಾನು ಮದರ್‌ಬೋರ್ಡು, ಪ್ರೊಸೆಸರು, ರ‍್ಯಾಮು, ಕ್ಯಾಬಿನೆಟ್ಟು ಎಂದು ವಿಡಿಯೋದಲ್ಲಿ ಕಲಿತದ್ದನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿದಾಗ ಎಲ್ಲವನ್ನೂ ತೆಗೆದು ಮುಂದಿಟ್ಟು, "ಕೂತ್ಕೊಳ್ಳಿ ರೈಟ್ರೇ, ಒಂದು ಟೀ ಕುಡಿಯೋದ್ರಲ್ಲಿ ನಾನೇ ಜೋಡ್ಸಿ ಕೊಡ್ತೀನಿ. ಅದಕ್ಕೇನೂ ಬೇರೆ ಚಾರ್ಜಿಲ್ಲ" ಎಂದರು. ಟೀ ಕುಡಿದೆ, ಜೋಡಿಸಲು ಬಿಡಲಿಲ್ಲ. ಬಾಣಸಿಗನ ಕೈಯಲ್ಲಿ ಅಡುಗೆ ಮಾಡಿಸಿ ತಾನೇ ಮಾಡಿದೆ ಎನ್ನುವವರ ಗುಂಪಿಗೆ ನಾನು ಸೇರುವವನಲ್ಲ.

ಒಂದು ಭಾನುವಾರ ತಿಂಡಿಯಾದ ಮೇಲೆ ಊಟದ ಮೇಜಿನ ಮೇಲೆ ಎಲ್ಲವನ್ನೂ ಹರಡಿ ಶುರು ಮಾಡಿದೆ. ವಿಡಿಯೋದ ಹುಡುಗ ನಗುನಗುತ್ತಾ, ಹಾಡು ಗುನುಗುತ್ತಾ ಜೋಡಿಸುತ್ತಿದ್ದ. ಅವನ ಬೆರಳು ತೆಳ್ಳಗೆ, ಉದ್ದಕ್ಕೆ ಇದ್ದವು. ನನ್ನ ಬೆರಳುಗಳು ಕಾಫಿ ಮೂಟೆಯ ಬಾಯಿ ಕಟ್ಟಲು ಹೇಳಿ ಮಾಡಿಸಿದಂಥವು. ಎಳ್ಳಿನಷ್ಟು ಸಣ್ಣ ಸ್ಕ್ರೂಗಳು, ಕೂದಲಿನಷ್ಟು ತೆಳು ವೈರುಗಳು, ಅವುಗಳ ಮೇಲೆ ಕನ್ನಡಕಕ್ಕೂ ಕಾಣದ ಅಕ್ಷರಗಳು. ಅವನು 'ಈಗ ಮೆತ್ತಗೆ ಒತ್ತಿ' ಎಂದಾಗಲೆಲ್ಲ ನಾನು ವಿಡಿಯೋ ನಿಲ್ಲಿಸಿ ದೇವರನ್ನು ನೆನೆಯುತ್ತಿದ್ದೆ. ಮಧ್ಯಾಹ್ನದ ಊಟವನ್ನು ನಾವು ನೆಲದ ಮೇಲೆ ಕೂತು ಮಾಡಿದೆವು. ಸಂಜೆ ದೀಪ ಹಚ್ಚುವ ಹೊತ್ತಿಗೆ ಗುಂಡಿ ಒತ್ತಿದೆ. ಒಳಗಿನ ಫ್ಯಾನು ಗುಯ್ಯೆಂದಿತು, ಪರದೆ ಬೆಳಗಿತು. ಆ ಕ್ಷಣದ ಸಂತೋಷವನ್ನು ವರ್ಣಿಸಲು ನನ್ನಿಂದಾಗದು. ಜಯಣ್ಣನಿಗೆ ಫೋಟೋ ಕಳಿಸಿದೆ. ಅವನು ಹೆಬ್ಬೆರಳೊಂದನ್ನು ವಾಪಸ್ ಕಳಿಸಿದ. ಅದು ಮೆಚ್ಚುಗೆಯದೋ ವ್ಯಂಗ್ಯದ್ದೋ ಎಂದು ತಿಳಿಯಲು ಬಹಳ ಹೊತ್ತು ಅದನ್ನೇ ನೋಡಿದೆ.

ಎಸ್ಟೇಟಿನ ಆಚಾರಿಯಿಂದ ಸಿಲ್ವರ್ ಓಕ್ ಮರದ ಹಲಗೆಯಲ್ಲಿ ಒಂದು ಮೇಜು ಮಾಡಿಸಿದ್ದೆ. ಕೆಳಗೆ ಕಾಲಿಡಲು ಒಂದು ಅಡ್ಡಪಟ್ಟಿ, ಅದಕ್ಕೆ ಸೇರಿದಂತೆ ಕಂಪ್ಯೂಟರಿನ ಕ್ಯಾಬಿನೆಟ್ ಇಡಲು ಒಂದು ಪುಟ್ಟ ಹಲಗೆ. ಸಂಜೆ ಸುಜಾತ ಶಾಲೆಯಿಂದ, ನಾನು ತೋಟದಿಂದ ಬಂದ ಮೇಲೆ ಅವಳು ಕೂತು ಬೆರಳಚ್ಚು ಮಾಡುವುದು, ನಾನು ಪಕ್ಕದ ಕುರ್ಚಿಯಲ್ಲಿ ಕೂತು ಕಂಪ್ಯೂಟರಿನ ಆರೋಗ್ಯ ನೋಡಿಕೊಳ್ಳುವುದು ಎಂದಾಯಿತು. ಮೊದಲ ಕೆಲವು ದಿನ ಚೆನ್ನಾಗಿಯೇ ನಡೆಯಿತು. ಒಂದು ಸಂಜೆ ಅವಳು ಆಳುಗಳ ಮೇಲ್ವಿಚಾರಕನಿಗೆ ಹೇಳುವ 'ಕಂಗಾಣಿ' ಎಂಬ ಪದದ ಮೂಲವನ್ನು ವಿವರಿಸುತ್ತಾ ತುಂಬಾ ಒಳ್ಳೆಯ ಪುಟವೊಂದರ ಕೊನೆಗೆ ಬಂದಿದ್ದಳು. ನಾನು ಬಗ್ಗಿ ಓದುತ್ತಿದ್ದೆ. ಇದ್ದಕ್ಕಿದ್ದಂತೆ ಪರದೆ ಕಪ್ಪಾಯಿತು. ಒಂದು ಉಸಿರು ಬಿಡುವಷ್ಟರಲ್ಲಿ ಮತ್ತೆ ಬೆಳಗಿ, ಈಗಷ್ಟೇ ಹುಟ್ಟಿದ ಕೂಸಿನಂತೆ, ಹಿಂದಿನದೇನೂ ನೆನಪಿಲ್ಲದ ಮುಖ ಹೊತ್ತು ಸ್ವಾಗತ ಕೋರಿತು.

"ಹೋಯ್ತು!" ಎಂದು ಕೂಗಿದೆ.

"ಏನ್ ಹೋಯ್ತು?"

"ಏನಿಲ್ಲ, ಒಂದ್ಸಲ ರೀಸ್ಟಾರ್ಟ್ ಆಯ್ತು ಅಷ್ಟೆ. ಹೊಸದಲ್ವಾ, ಹೊಂದ್ಕೊಳ್ತಾ ಇರ್ಬೇಕು."

"ಹೊಂದ್ಕೊಳ್ಳೋಕೆ ಅದೇನು ಹೊಸ ಸೊಸೆಯೇ? ನನ್ನ ಪುಟ ಎಲ್ಲಿ?"

ಪುಟ ಹೋಗಿತ್ತು. ಅಂದಿನಿಂದ ಕಂಪ್ಯೂಟರ್ ಮನಸ್ಸು ಬಂದಾಗಲೆಲ್ಲ ಹೀಗೆ ಸತ್ತು ಹುಟ್ಟತೊಡಗಿತು. ಒಂದು ದಿನ ಮೇಲಿಂದ ಮೇಲೆ, ಇನ್ನೊಂದು ದಿನ ಇಲ್ಲವೇ ಇಲ್ಲ. ಸುಜಾತ ಪ್ರತಿ ಸಾಲಿಗೂ ಉಳಿಸುವ ಗುಂಡಿ ಒತ್ತುವುದನ್ನು ರೂಢಿ ಮಾಡಿಕೊಂಡಳು. ನಾನು ಪ್ರತಿ ಸಲವೂ "ಹೋಯ್ತು!" ಎಂದು ಕೂಗುವುದನ್ನು ರೂಢಿ ಮಾಡಿಕೊಂಡೆ. ಪರದೆ ಹೋಗುವುದಕ್ಕಿಂತ ನನ್ನ ಕೂಗಿಗೇ ಎದೆ ಹಾರುತ್ತದೆ ಎಂದು ಅವಳು ಆಮೇಲೆ ಹೇಳಿದ್ದುಂಟು.

ಮೊದಲ ಅನುಮಾನ ಕರೆಂಟಿನ ಮೇಲೆ ಹೋಯಿತು. ಅದು ಕಾಫಿ ಕೊಯ್ಲಿನ ಕಾಲ. ಸಂಜೆ ಪಲ್ಪರ್ ಶುರುವಾಯಿತೆಂದರೆ, ಹಣ್ಣಿನ ಸಿಪ್ಪೆ ಸುಲಿಯುವ ಆ ಯಂತ್ರದ ಮೋಟಾರು ಇಡೀ ಎಸ್ಟೇಟಿನ ವೋಲ್ಟೇಜನ್ನು ಒಂದೇ ಗುಟುಕಿಗೆ ಕುಡಿಯುತ್ತದೆ. ನಮ್ಮ ಮನೆಯ ಬಲ್ಬು ಬೆಳಕು ಕೊಡುವುದು ಬಿಟ್ಟು ಬರೀ ಇರುವಿಕೆಯನ್ನು ತೋರಿಸುತ್ತದೆ. ಕಳ್ಳ ಸಿಕ್ಕಿದ ಎಂದುಕೊಂಡು ಸಕಲೇಶಪುರಕ್ಕೆ ಹೋಗಿ ಯುಪಿಎಸ್ ತಂದೆ. ಕ್ಯಾಬಿನೆಟ್ ಎತ್ತಿ, ಹಿಂದೆ ಮುಂದೆ ಸರಿಸಿ, ಎಲ್ಲ ವೈರುಗಳನ್ನೂ ಅದಕ್ಕೆ ಸಿಗಿಸಿದೆ. ಇಂಟರ್‌ನೆಟ್ಟಿನ ಪುಟ್ಟ ಡಬ್ಬಿಯನ್ನೂ ಬಿಡಲಿಲ್ಲ. ಎರಡು ಮೂರು ದಿನ ಕಂಪ್ಯೂಟರ್ ಅಲುಗದೆ ನಡೆಯಿತು. ಜಯಣ್ಣನಿಗೆ ಫೋನ್ ಮಾಡಿ, ವೋಲ್ಟೇಜಿನ ಏರಿಳಿತದ ಬಗ್ಗೆ ಅವನು ಕೇಳದಿದ್ದ ಪಾಠವನ್ನು ದೀರ್ಘವಾಗಿ ಒಪ್ಪಿಸಿದೆ. ಫೋನಿಟ್ಟು ಬಂದು ಸುಜಾತಳ ಪಕ್ಕ ಕೂತೆ. ಪರದೆ ಹೋಯಿತು.

ಜಯಣ್ಣ ಆಮೇಲೆ ಬಂದವನು ಮನೆಯ ಸುತ್ತ ಒಂದು ಸುತ್ತು ಹಾಕಿ, "ನಿಂದು ಅರ್ಥಿಂಗ್ ಸರಿ ಇಲ್ಲ ಭಾವ. ನೆಲ ಒಣಗಿ ಹೋಗ್ಬುಟ್ಟೈತೆ. ಉಪ್ಪು, ಇದ್ದಿಲು ಹಾಕಿ ದಿನಾ ನೀರು ಹುಯ್ಯಿ" ಎಂದ. ಹಿತ್ತಿಲಲ್ಲಿ ಅರ್ಥಿಂಗ್ ಪೈಪು ಹೂತ ಜಾಗದಲ್ಲಿ ಉಪ್ಪು, ಇದ್ದಿಲು ತುಂಬಿ ದಿನವೂ ಬೆಳಿಗ್ಗೆ ಒಂದು ಕೊಡ ನೀರು ಹೊಯ್ಯತೊಡಗಿದೆ. ನೀರಿಗೆ ಬರುವ ಲೈನಿನ ಹೆಂಗಸರು ನಿಂತು ನೋಡುತ್ತಿದ್ದರು. ರೈಟರು ಗಿಡವಿಲ್ಲದ ಕಡೆ ಕಬ್ಬಿಣದ ಪೈಪಿಗೆ, ಸ್ನಾನ ಮಾಡಿ ಬಂದು, ಇಷ್ಟು ಶ್ರದ್ಧೆಯಿಂದ ನೀರೆರೆಯುವುದನ್ನು ಕಂಡು ಅವರಲ್ಲಿ ಹಿರಿಯಳಾದ ಗಿರಿಜಮ್ಮ ಸುಜಾತಳನ್ನು ಮೆಲ್ಲಗೆ ಕೇಳಿದಳಂತೆ: "ಅಯ್ನೋರಿಗೆ ಏನಾರ ಹರಕೆ ಐತಾ ಅಮ್ಮಾ?" ಸುಜಾತ, "ಹೂಂ ಕಣೇ, ನನ್ನ ಎಂ.ಎ. ಮುಗಿಯೋ ತಂಕ ಐತೆ" ಎಂದಳಂತೆ. ಆ ಪೈಪಿಗೆ ಯಾರೋ ಒಂದು ದಾಸವಾಳದ ಹೂವನ್ನೂ ಇಟ್ಟು ಹೋಗಿದ್ದರು. ಕಂಪ್ಯೂಟರ್ ಮಾತ್ರ ಈ ಸೇವೆಗೆ ಒಲಿಯಲಿಲ್ಲ.

ಆಮೇಲೆ ಇಂಟರ್‌ನೆಟ್ಟಿನಲ್ಲಿ ಬಲ್ಲವರನ್ನು ಕೇಳಿದೆ. ಒಬ್ಬ, ರ‍್ಯಾಮನ್ನು ಬಿಚ್ಚಿ ಅದರ ಹೊಂಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಬೇಕೆಂದ. ಇನ್ನೊಬ್ಬ, ಬಿಸಿ ಹೆಚ್ಚಾಗಿರಬೇಕು, ಪಕ್ಕದ ಮುಚ್ಚಳ ತೆಗೆದು ಗಾಳಿ ಬಿಡಬೇಕೆಂದ. ಮೂರನೆಯವನು, "ಒಮ್ಮೆ ರೀಸ್ಟಾರ್ಟ್ ಮಾಡಿ ನೋಡಿದಿರಾ?" ಎಂದು ಕೇಳಿದ. ಅವನಿಗೆ ಕೈಮುಗಿದ ಚಿತ್ರ ಹಾಕಿದೆ. ಸುಜಾತಳ ಶಾಲೆಯ ಚೀಲದಿಂದ ರಬ್ಬರ್ ತೆಗೆದು ರ‍್ಯಾಮ್ ಉಜ್ಜಿದೆ. ಅದು ಮಕ್ಕಳಿಗಾಗಿ ತಂದಿದ್ದ ಪರಿಮಳದ ರಬ್ಬರು; ಕೋಣೆಯೆಲ್ಲ ಸ್ಟ್ರಾಬೆರಿ ವಾಸನೆ ಬಂತು. ಮುಚ್ಚಳ ತೆಗೆದು ಟೇಬಲ್ ಫ್ಯಾನು ಹಚ್ಚಿದೆ. ಆ ಚಳಿಯಲ್ಲಿ ಸುಜಾತ ಶಾಲು ಹೊದ್ದು, ಕಿವಿಗೆ ಹತ್ತಿ ಇಟ್ಟುಕೊಂಡು ಬೆರಳಚ್ಚು ಮಾಡಿದಳು. ವಿಚಿತ್ರವೆಂದರೆ ನಾನು ಏನೇ ಮಾಡಿದರೂ ಒಂದೆರಡು ದಿನ ಸರಿಯಾಗುತ್ತಿತ್ತು. ಹಾಗಾಗಿ ಪ್ರತಿ ಸಲವೂ ನಾನು ಗೆದ್ದೆ ಎಂದುಕೊಳ್ಳುತ್ತಿದ್ದೆ. ಏನು ಮಾಡಿದರೂ ಸರಿಯಾಗದ ರೋಗಕ್ಕಿಂತ, ಏನು ಮಾಡಿದರೂ ಸ್ವಲ್ಪ ಸರಿಯಾಗುವ ರೋಗ ಮನುಷ್ಯನನ್ನು ಹೆಚ್ಚು ಹಾಳು ಮಾಡುತ್ತದೆ ಎಂಬುದು ಆಗ ನನಗೆ ಹೊಳೆದಿರಲಿಲ್ಲ.

ಕೊನೆಗೆ ಎಸ್ಟೇಟಿನ ಜೀಪಿನಲ್ಲಿ ಕ್ಯಾಬಿನೆಟ್ಟನ್ನು ಕಂಬಳಿಯಲ್ಲಿ ಸುತ್ತಿ, ಹಳ್ಳದಿಣ್ಣೆಗಳಲ್ಲಿ ಎದೆಗವಚಿಕೊಂಡು ಸಕಲೇಶಪುರಕ್ಕೆ ಒಯ್ದೆ. ನಜೀರ್ ಸಾಹೇಬರು ಮುಚ್ಚಳ ತೆಗೆದು ನೋಡಿ, ಮೂಗರಳಿಸಿ, "ಇದೇನ್ರೀ, ಒಳಗೆ ಐಸ್‌ಕ್ರೀಂ ವಾಸನೆ ಬರ್ತಾ ಐತೆ?" ಎಂದರು. ಬೆಳಿಗ್ಗೆಯಿಂದ ಸಂಜೆಯವರೆಗೆ ಅವರ ಅಂಗಡಿಯಲ್ಲಿ ಅದು ಓಡಿತು. ಭಾರವಾದ ಕೆಲಸ ಕೊಟ್ಟರು, ಸಿನಿಮಾ ಹಾಕಿದರು, ತಲೆ ಕೆಡುವ ಪರೀಕ್ಷೆಗಳನ್ನೆಲ್ಲ ಮಾಡಿದರು. ಒಮ್ಮೆಯೂ ರೆಪ್ಪೆ ಮಿಟುಕಿಸಲಿಲ್ಲ. ಡಾಕ್ಟರ ಮುಂದೆ ಕೆಮ್ಮು ನಿಂತುಹೋಗುವ ರೋಗಿಯ ಹಾಗೆ ಅದು ನನ್ನ ಮರ್ಯಾದೆ ತೆಗೆಯುತ್ತಾ ನಿಂತಿತ್ತು.

"ಸಾಹೇಬ್ರೇ, ಮನೇಲಿ ನಿಜವಾಗ್ಲೂ ಹೋಗುತ್ತೆ" ಎಂದೆ.

"ಹೋಗ್ತದೆ ಅಂತ ನೀವು ಹೇಳಿದ್ಮೇಲೆ ಹೋಗ್ತದೆ, ಇಲ್ಲ ಅನ್ನಲ್ಲ. ಒಂದು ಕೆಲಸ ಮಾಡಾನ, ಪವರ್ ಸಪ್ಲೈ ಬದ್ಲಾಯಿಸಿ ಕೊಡ್ತೀನಿ. ಆಮೇಲೂ ಹೋದ್ರೆ..." ಎಂದು ಸ್ವಲ್ಪ ಯೋಚಿಸಿ, "ಆಮೇಲೂ ಹೋದ್ರೆ ಮನೆ ಬದ್ಲಾಯಿಸಬೇಕಾಗ್ತದೆ ಮಾರಾಯ್ರೇ" ಎಂದರು.

ಹೊಸ ಪವರ್ ಸಪ್ಲೈ ಹಾಕಿಸಿಕೊಂಡು ಬಂದೆ. ಎರಡು ದಿನ ಬಿಟ್ಟು ಮತ್ತೆ ಹೋಯಿತು. ಅಷ್ಟರಲ್ಲಿ ಸುಜಾತ ಸಾಲು ಸಾಲಾಗಿ ಉಳಿಸಿಕೊಂಡು ಪ್ರಬಂಧವನ್ನು ಹೇಗೋ ಮುಗಿಸಿ ಕಳಿಸಿದ್ದಳು. ಮೌಖಿಕ ಪರೀಕ್ಷೆಯ ದಿನ ಗೊತ್ತಾಯಿತು. ಪರೀಕ್ಷೆಯ ನಡುವೆ ಸಂಪರ್ಕ ತಪ್ಪಿದರೆ ಮತ್ತೆ ಅವಕಾಶವಿಲ್ಲ, ಮುಂದಿನ ವರ್ಷವೇ ಎಂದು ಸೂಚನೆಯಲ್ಲಿ ಬರೆದಿದ್ದರು. ಅದನ್ನು ಓದಿದ ಮೇಲೆ ಅವಳು ಜಗಳವಾಡಲಿಲ್ಲ. ಜಗಳವಾಡಿದ್ದರೆ ಚೆನ್ನಾಗಿತ್ತು. ರೊಟ್ಟಿ ತಟ್ಟುತ್ತಾ ಬೆನ್ನು ಮಾಡಿಕೊಂಡೇ ಹೇಳಿದಳು: "ಇಷ್ಟು ವರ್ಷ ಆದ್ಮೇಲೆ ಓದೋಕೆ ಕೂತೆ. ಲೈನಿನ ಅಷ್ಟೂ ಜನ ಕೂತು ನನಗೆ ಮಾತು ಹೇಳಿ ಕೊಟ್ಟವ್ರೆ. ಅರ್ಧದಲ್ಲಿ ಪರದೆ ಹೋದ್ರೆ ಅವರಿಗೆಲ್ಲ ಏನಂತ ಹೇಳ್ಲಿ ನಾನು?"

ಜಯಣ್ಣನ ಅಂಗಡಿಯ ಕಂಪ್ಯೂಟರನ್ನು ತಂದುಬಿಡೋಣ ಎಂದೆ. ಆ ಮಾತನ್ನು ಹೊರಗೆ ಹಾಕಲು ನನಗೆ ಎಷ್ಟು ಕಷ್ಟವಾಯಿತೆಂದು ದೇವರಿಗೇ ಗೊತ್ತು. ಆದರೆ ಅದರಲ್ಲಿ ನಮ್ಮದರಂತೆ ಕ್ಯಾಮೆರಾ ಇರಲಿಲ್ಲ, ಜೊತೆಗೆ ಅವನ ಅಂಗಡಿಯ ಲೆಕ್ಕವೆಲ್ಲ ಅದರಲ್ಲೇ ಇತ್ತು. ಮೊಬೈಲಿನಲ್ಲೇ ಮಾಡಿಬಿಡು ಎಂದೆ. ಮೊಬೈಲ್ ಒಪ್ಪುವುದಿಲ್ಲವೆಂದು ಅದೇ ಸೂಚನೆಯಲ್ಲಿತ್ತು. "ಇರ್ಲಿ ಬಿಡಿ, ಇದರಲ್ಲೇ ಮಾಡ್ತೀನಿ. ಆದ್ರೆ ಒಂದು ಮಾತು. ನೀವು ಕೋಣೆಯೊಳಗೆ ಇರ್ಬಾರ್ದು" ಎಂದಳು.

"ಯಾಕೆ? ಏನಾದ್ರೂ ಆದ್ರೆ ನಾನು ಪಕ್ಕದಲ್ಲಿ ಇರ್ಬೇಡ್ವಾ?"

"ಏನಾದ್ರೂ ಆದ್ರೆ ನೀವು 'ಹೋಯ್ತು' ಅಂತ ಕೂಗ್ತೀರಿ. ಪರೀಕ್ಷಕರು ಯಾರೋ ಸತ್ರು ಅನ್ಕೊಳ್ತಾರೆ."

ಪರೀಕ್ಷೆಯ ದಿನ ನಾನು ಅಂಗಳದಾಚೆಯ ಕಾಫಿ ಕಣದಲ್ಲಿ ನಿಂತಿದ್ದೆ. ಹೆಂಗಸರು ಸಾಲಾಗಿ ಕೂತು ಒಣಗುತ್ತಿದ್ದ ಕಾಫಿಯಲ್ಲಿ ಕಸ ಆರಿಸುತ್ತಿದ್ದರು. ಅವರಿಗೂ ವಿಷಯ ಗೊತ್ತಿತ್ತು; ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಕಿಟಕಿಯಿಂದ ಸುಜಾತಳ ಧ್ವನಿ ತುಣುಕು ತುಣುಕಾಗಿ ಬರುತ್ತಿತ್ತು. ಮೊದಲು ಸ್ವಲ್ಪ ನಡುಗುತ್ತಿದ್ದ ಧ್ವನಿ ಆಮೇಲೆ ಶಾಲೆಯಲ್ಲಿ ಪಾಠ ಮಾಡುವಂತೆ ಗಟ್ಟಿಯಾಯಿತು. ಪಲ್ಪರನ್ನು ಪರೀಕ್ಷೆ ಮುಗಿದ ಮೇಲೆ ಶುರು ಮಾಡಿ ಎಂದು ಹೇಳಿ ಬಂದಿದ್ದೆ. ಎಲ್ಲವೂ ಸರಿಯಾಗಿ ಸಾಗುತ್ತಿದೆ ಎನ್ನುವಷ್ಟರಲ್ಲಿ ಕಾಫಿ ಮೂಟೆ ಇಡುವ ಸ್ಟೋರಿನ ಬಾಗಿಲ ಮೇಲೆ ಹಗಲಲ್ಲೂ ಉರಿಯುತ್ತಿದ್ದ ಬಲ್ಬು ಆರಿಹೋಯಿತು. ಕರೆಂಟು ಹೋಗಿತ್ತು. ನನ್ನ ಬಾಯಿಗೆ ಬಂದ ಕೂಗನ್ನು ಗಿರಿಜಮ್ಮ ನೋಡಿದ ನೋಟವೇ ತಡೆಯಿತು. ಕಿವಿಗೊಟ್ಟು ನಿಂತೆ. ಮನೆಯೊಳಗಿಂದ ಯುಪಿಎಸ್ಸಿನ ಕೀಕ್ ಕೀಕ್ ಸದ್ದು ಬಂತು. ಅದರ ಹಿಂದೆಯೇ ಸುಜಾತಳ ಧ್ವನಿ: "ಕ್ಷಮಿಸಿ ಸರ್, ಅದು ನಮ್ಮನೆ ಯುಪಿಎಸ್. ನಾನು ಹೇಳ್ತಾ ಇದ್ದಿದ್ದು ರೈಟರ್ ಅನ್ನೋ ಪದದ ಬಗ್ಗೆ." ಆಮೇಲೆ ಪರದೆಯೊಳಗಿಂದ ಇಬ್ಬರು ಗಂಡಸರು ಗಹಗಹಿಸಿ ನಕ್ಕದ್ದು ಕೇಳಿಸಿತು. ನನ್ನ 'ಹಾಜರಿ' ಕಾದಂಬರಿಯ ಕಥೆ ವಿಶ್ವವಿದ್ಯಾಲಯಕ್ಕೆ ಮುಟ್ಟಿತ್ತು. ಯಾವ ರೋಗಕ್ಕೂ ಆಗಿಬರದಿದ್ದ ಯುಪಿಎಸ್ ಅವತ್ತು ಕರೆಂಟು ವಾಪಸು ಬರುವ ತನಕ ಉಸಿರು ಹಿಡಿದು ನಿಂತಿತು.

ಸುಜಾತ ಹೊರಗೆ ಬಂದಾಗ ಮುಖ ಅರಳಿತ್ತು. ಕಣದ ಹೆಂಗಸರೆಲ್ಲ ಎದ್ದು ನಿಂತರು. "ಚೆನ್ನಾಗಾಯ್ತು ಕಣ್ರೇ, ಎಲ್ಲ ಕೇಳಿದ್ರು, ಎಲ್ಲ ಹೇಳ್ದೆ" ಎಂದಳು. ಗಿರಿಜಮ್ಮ ಅವಳ ಕೆನ್ನೆ ಸವರಿ, ಕಾಫಿ ಧೂಳಿನ ಕೈಯಿಂದಲೇ ದೃಷ್ಟಿ ತೆಗೆದಳು. ನಾನೂ ಹತ್ತಿರ ಹೋದೆ. ನನ್ನ ಕಣ್ಣು ಸ್ವಲ್ಪ ಒದ್ದೆಯಾಗಿತ್ತೆಂದು ಕಾಣುತ್ತದೆ.

"ಒಂದ್ಸಲಾನೂ ಹೋಗ್ಲಿಲ್ವಾ?" ಎಂದೆ.

"ಒಂದ್ಸಲಾನೂ ಇಲ್ಲ" ಎಂದವಳು ಇದ್ದಕ್ಕಿದ್ದಂತೆ ನನ್ನನ್ನು ವಿಚಿತ್ರವಾಗಿ ನೋಡಿದಳು. "ರೀ, ನೀವು ಮೊನ್ನೆ ದೋಣಿಗಲ್ಲಿಗೆ ಹೋಗಿದ್ರಲ್ಲ, ಅವತ್ತೂ ಹೋಗಿರ್ಲಿಲ್ಲ. ಶನಿವಾರ ಮಧ್ಯಾಹ್ನ ನಾನೊಬ್ಳೇ ಕೂತಿದ್ನಲ್ಲ, ಅವತ್ತೂ ಹೋಗಿರ್ಲಿಲ್ಲ. ನಜೀರ್ ಸಾಹೇಬ್ರ ಅಂಗ್ಡೀಲೂ ಹೋಗ್ಲಿಲ್ಲ ಅಂದ್ರಿ. ಬನ್ನಿ ಇಲ್ಲಿ. ಒಳಗೆ ಬಂದು ಕೂತ್ಕೊಳ್ಳಿ."

ಕೂತೆ. ಸುಮ್ಮನೆ ಕೂತಿದ್ದರೆ ಏನೂ ಆಗಲಿಲ್ಲ. ಸುಜಾತ ಏನನ್ನೋ ಯೋಚಿಸಿ, ಕ್ರಿಕೆಟ್ ಪಂದ್ಯವೊಂದರ ಕೊನೆಯ ಓವರಿನ ವಿಡಿಯೋ ಹಚ್ಚಿದಳು. ಹಳೆಯ ಪಂದ್ಯ, ಫಲಿತಾಂಶ ಗೊತ್ತಿರುವುದೇ. ಆದರೂ ನಾನು ಮುಂದಕ್ಕೆ ಬಾಗಿದೆ. ಅವಳು ಪರದೆ ನೋಡುತ್ತಿರಲಿಲ್ಲ, ಮೇಜಿನ ಕೆಳಗೆ ನೋಡುತ್ತಿದ್ದಳು. ಬೌಲರ್ ಓಡಿ ಬಂದ, ಬ್ಯಾಟು ಬೀಸಿತು, ಚೆಂಡು ಆಕಾಶಕ್ಕೆ ಹೋಯಿತು, ಪರದೆ ಕಪ್ಪಾಯಿತು.

"ಹೋಯ್ತು!" ಎಂದೆ.

"ಹೋಯ್ತಲ್ಲ, ನಿಮ್ಮ ಕಾಲು ನೋಡ್ಕೊಳ್ಳಿ" ಎಂದಳು.

ನನ್ನ ಬಲಗಾಲು ಮೇಜಿನ ಅಡ್ಡಪಟ್ಟಿಯ ಮೇಲೆ ಕೂತು ಹೊಲಿಗೆ ಯಂತ್ರದ ಸೂಜಿಯಂತೆ ಕುಣಿಯುತ್ತಿತ್ತು. ಅದು ನನ್ನದೇ ಕಾಲು, ಆದರೆ ಅದರ ವ್ಯವಹಾರ ನನಗೆ ತಿಳಿದಿರಲಿಲ್ಲ. ಚಿಕ್ಕಂದಿನಲ್ಲಿ ಅವ್ವ "ಕಾಲು ಅಲ್ಲಾಡಿಸ್ಬೇಡ ಕಣೋ, ದರಿದ್ರ ಬತ್ತದೆ" ಎಂದು ಮೊಣಕಾಲಿನ ಮೇಲೆ ಸೌಟಿನಿಂದ ಬಾರಿಸುತ್ತಿದ್ದಳು. ಅವ್ವನ ಸೌಟು ಹೋದ ಮೇಲೆ ಕಾಲು ಸ್ವತಂತ್ರವಾಗಿತ್ತು. ಸುಜಾತಳಿಗೆ ಪರೀಕ್ಷೆ ಮಾಡುವ ಉತ್ಸಾಹ ಬಂದುಬಿಟ್ಟಿತು. "ಅಲ್ಲಾಡ್ಸಿ" ಎಂದಳು. ಅಲ್ಲಾಡಿಸಿದೆ, ಹೋಯಿತು. "ನಿಲ್ಸಿ" ಎಂದಳು. ನಿಲ್ಲಿಸಿದೆ, ಇತ್ತು. "ಇನ್ನೊಂದ್ಸಲ ಅಲ್ಲಾಡ್ಸಿ, ಅಣ್ಣಂಗೆ ವಿಡಿಯೋ ಕಳಿಸ್ತೀನಿ" ಎಂದಳು. ಅದಕ್ಕೆ ಮಾತ್ರ ನಾನು ಒಪ್ಪಲಿಲ್ಲ.

ಕ್ಯಾಬಿನೆಟ್ ಬಿಚ್ಚಿ, ಮದರ್‌ಬೋರ್ಡನ್ನು ಜಾಗದಿಂದ ಎತ್ತಿದಾಗ ಅದರ ಹಿಂಬದಿಯಿಂದ ಎಳ್ಳಿನಷ್ಟು ಸಣ್ಣ ಸ್ಕ್ರೂ ಒಂದು ಉರುಳಿ ಬಂದು ನನ್ನ ಅಂಗೈಗೆ ಬಿತ್ತು. ಜೋಡಿಸುವಾಗ ಯಾವಾಗಲೋ ನನ್ನ ದಪ್ಪ ಬೆರಳುಗಳಿಂದ ಜಾರಿ, ಬೋರ್ಡಿಗೂ ತಗಡಿಗೂ ನಡುವೆ ಮನೆ ಮಾಡಿಕೊಂಡಿತ್ತು. ನಾನು ಕಾಲು ಕುಣಿಸಿದಾಗ ಅದು ಅತ್ತಿತ್ತ ಉರುಳಿ, ತಾಗಬಾರದ ಕಡೆ ತಾಗುತ್ತಿತ್ತು. ಯುಪಿಎಸ್ಸಿಗಾಗಿ, ರ‍್ಯಾಮಿಗಾಗಿ, ನಜೀರ್ ಸಾಹೇಬರಿಗಾಗಿ ಕ್ಯಾಬಿನೆಟ್ಟನ್ನು ಎತ್ತಿ ಇಳಿಸಿದಾಗಲೆಲ್ಲ ಸ್ವಲ್ಪ ದೂರ ಸರಿದು ಒಂದೆರಡು ದಿನ ವಿಶ್ರಾಂತಿ ಪಡೆಯುತ್ತಿತ್ತು. ಮತ್ತೆ ನಾನು ಹೋಗಿ ಕೂತು, ಕುಣಿಸಿ, ಅದನ್ನು ಕೆಲಸಕ್ಕೆ ಕರೆಯುತ್ತಿದ್ದೆ. ಇಷ್ಟು ದಿನ ಕರೆಂಟನ್ನು, ನೆಲವನ್ನು, ಪಲ್ಪರನ್ನು ಬೈದವನು ಈಗ ಬೈಯುವುದಕ್ಕೆ ಉಳಿದಿದ್ದವನ ಮುಖವನ್ನು ಕಪ್ಪು ಪರದೆಯಲ್ಲಿ ನೋಡಿದೆ. ನಜೀರ್ ಸಾಹೇಬರಿಗೆ ಫೋನ್ ಮಾಡಿ ಹೇಳಿದಾಗ ಅವರು ಬಹಳ ಹೊತ್ತು ನಗಲಿಲ್ಲ. ಫೋನನ್ನು ದೂರ ಹಿಡಿದುಕೊಂಡು ನಕ್ಕಿರಬೇಕು.

ಫಲಿತಾಂಶ ಬಂತು. ಸುಜಾತ ಮೊದಲ ದರ್ಜೆಯಲ್ಲಿ ಪಾಸಾದಳು. ಲೈನಿನ ಹೆಂಗಸರಿಗೆಲ್ಲ ಅವಳೇ ಕೂತು ಕಡುಬು ಮಾಡಿ ಬಡಿಸಿದಳು. ಆಮೇಲೆ ಕೆಲವೇ ದಿನಗಳಲ್ಲಿ, ಸಂಗ್ರಹಿಸಿದ ಪದಗಳನ್ನೆಲ್ಲ ಸೇರಿಸಿ ಪುಸ್ತಕವನ್ನೇ ಬರೆಯುತ್ತೇನೆಂದು ಸಂಜೆ ಸಂಜೆ ಮತ್ತೆ ಕಂಪ್ಯೂಟರಿನ ಮುಂದೆ ಕೂತಳು. ಸ್ಕ್ರೂ ತೆಗೆದ ದಿನದಿಂದ ಆ ಯಂತ್ರ ಒಮ್ಮೆಯೂ ಸತ್ತು ಹುಟ್ಟಿಲ್ಲ. ಬಂಡೆಯ ಹಾಗೆ ನಿಂತಿದೆ. ಅದರ ಮೇಲಿನ ಅಭಿಮಾನದಿಂದ ನಾನು ಒಂದು ಸಂಜೆ ನನ್ನ ಕುರ್ಚಿ ಎಳೆದುಕೊಂಡು ಅವಳ ಪಕ್ಕಕ್ಕೆ ಹೋದೆ. ಅವಳು ಪರದೆಯಿಂದ ಕಣ್ಣು ತೆಗೆಯದೆ ಬಾಗಿಲ ಕಡೆ ಕೈ ತೋರಿಸಿದಳು.

"ಅಲ್ವೇ ಸುಜಾತ, ಸ್ಕ್ರೂ ತೆಗ್ದಾಯ್ತಲ್ಲ! ಈಗ ಎಷ್ಟು ಕಾಲು ಕುಣಿಸಿದ್ರೂ ಏನೂ ಆಗಲ್ಲ. ಇನ್ನು ನಾನು ಕೂತ್ರೆ ಏನು ತೊಂದ್ರೆ?"

"ಸ್ಕ್ರೂ ತೆಗ್ದಿದ್ದು ಗೊತ್ತು ಕಣ್ರೀ. ಆದ್ರೆ ಅದಕ್ಕೆ ಮುಂಚೆ ನಿಮ್ಮನ್ನ ಆಚೆ ಕಳ್ಸಿದ್ನಲ್ಲ, ಅವತ್ತೇ ಗೊತ್ತಾಗಿದ್ದು, ಕೆಲಸ ಎಷ್ಟು ಸಲೀಸಾಗಿ ಆಗ್ತದೆ ಅಂತ" ಎಂದಳು.

ನಾನು ಈಗ ಈ ಪ್ರಬಂಧವನ್ನು ಕಾಫಿ ಕಣದ ಕಟ್ಟೆಯ ಮೇಲೆ ಕೂತು, ಕಾಗದದ ಮೇಲೆ, ಕೈಯಲ್ಲೇ ಬರೆಯುತ್ತಿದ್ದೇನೆ. ಯಾರಾದರೂ ಬಂದು ಏನು ಬರೆಯುತ್ತಿದ್ದೀರಿ ಎಂದು ಕೇಳಿದರೆ ಹೇಳುವುದಕ್ಕೆ ಈ ಸಲ ನನ್ನ ಬಳಿ ಸುಳ್ಳು ಬೇಕಾಗಿಲ್ಲ. ಆದರೆ ಇದನ್ನು ಬೆರಳಚ್ಚು ಮಾಡಿಕೊಡು ಎಂದು ಸುಜಾತಳನ್ನು ಕೇಳಬೇಕು, ಮತ್ತು ಅವಳು ಅದನ್ನು ಓದಬೇಕು.